ರಿಪೋರ್ಟನ್ನು ಕರ್ತನ ಮುಂದೆ ಬಿಚ್ಚಿಡಿರಿ

ವಾಕ್ಯಭಾಗ: 2 ಅರಸುಗಳು 19 ಮತ್ತು 20ನೇ ಅಧ್ಯಾಯಗಳು

 

ಪ್ರಿಯ ಯೌವನಸ್ಥರೇ, ಪ್ರಾರ್ಥನೆಗೆ ಅಂತ ನೀವು ವಾಟ್ಸಾಪ್‌ನಲ್ಲಿ ಕಳಿಸೋದ್ರಲ್ಲಿ ಈಗ ಎಂಆರ್‌ಐ ರಿಪೋರ್ಟ್‌ಗಳೇ ಜಾಸ್ತಿ. "ಪಾಸ್ಟರ್, ಬರೇ ಸೊಂಟನೋವು ಅಂತ ಹೋಗಿದ್ದೆ, ಏನೇನೋ ಬರದಾರ್ರಿ." ಡಿಸ್ಕ್ ಬಲ್ಜ್, ಡಿಜನರೇಶನ್, ಹೆಮಾಂಜಿಯೋಮಾ. ಡಾಕ್ಟರ್ ಹೇಳೋ ಮುಂಚೆನೇ ಗೂಗಲ್ ಮಾಡಿ ರಾತ್ರಿಯೆಲ್ಲಾ ನಿದ್ದೆ ಇಲ್ಲ. ಇನ್ನು ಕೆಲವರು, "ನಾನು ಇದನ್ನ ಸ್ವೀಕರಿಸಲ್ಲ" ಅಂತ ಕವರ್ ಸಮೇತ ಬೀರುವಿನ ಮ್ಯಾಲೆ ಎಸೀತಾರೆ. ಈ ಎರಡು ಗುಂಪಿಗೂ ದೇವರ ವಾಕ್ಯದಲ್ಲಿ ಮಾತಿದೆ.

ಅರಸನಾದ ಹಿಜ್ಕೀಯನಿಗೂ ಒಂದು ದಿನ ಕಾಗದ ಬಂತು. ಅಶ್ಯೂರದ ಅರಸ ಸನ್ಹೇರೀಬನ ಬೆದರಿಕೆ ಪತ್ರ. ಹಿಜ್ಕೀಯ ಅದನ್ನು ಪೂರ್ತಿ ಓದಿದ. ಹರಿದು ಹಾಕಲಿಲ್ಲ. ದೇವಾಲಯಕ್ಕೆ ಹೋಗಿ ಯೆಹೋವನ ಮುಂದೆ ಬಿಚ್ಚಿಟ್ಟ. ಅವನ ಪ್ರಾರ್ಥನೆ ಗಮನಿಸ್ರಿ. ಅಶ್ಯೂರರು ಬೇರೆ ಜನಾಂಗಗಳನ್ನು ಹಾಳುಮಾಡಿದ್ದು ನಿಜ ಅಂತ 17ನೇ ವಚನದಲ್ಲಿ ಒಪ್ಪಿಕೊಳ್ತಾನೆ. ಆದರೆ "ಹಾಗಾದ್ರೆ ಯೆರೂಸಲೇಮಿನ ಕಥೆಯೂ ಮುಗೀತು" ಅನ್ನೋ ಶತ್ರುವಿನ ತೀರ್ಮಾನವನ್ನು ಒಪ್ಪಲಿಲ್ಲ. ಇರೋ ಸಂಗತಿ ಬೇರೆ, ಅದಕ್ಕೆ ಭಯ ಕೊಡೋ ಅರ್ಥ ಬೇರೆ. ಆಮೆನ್?

ಸ್ಕ್ಯಾನ್ ಕೂಡ ಹಾಗೇ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ಅಧ್ಯಯನ ಪ್ರಕಟವಾಯ್ತು. ಶೇ. 52 ಜನರಲ್ಲಿ ಒಂದಾದ್ರೂ ಡಿಸ್ಕ್ ಉಬ್ಬಿತ್ತು. 2015ರಲ್ಲಿ ನೋವಿಲ್ಲದ 3,110 ಜನರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, 20ರ ವಯಸ್ಸಿನಲ್ಲೇ ಶೇ. 37, 80ರ ವಯಸ್ಸಿನಲ್ಲಿ ಶೇ. 96 ಜನರಿಗೆ ಡಿಸ್ಕ್ ಸವೆತ ಇತ್ತು. ಹೆಮಾಂಜಿಯೋಮಾ ಅಂದ್ರೆ ಬೆನ್ನೆಲುಬಿನೊಳಗಿನ ರಕ್ತನಾಳಗಳ ಗಂಟು. ಸಾಮಾನ್ಯವಾಗಿ ಅದರಿಂದ ತೊಂದರೆ ಇರಲ್ಲ. ತಲೆಕೂದಲು ನರೆಯುವ ಹಾಗೆ ಬೆನ್ನಿಗೂ ವಯಸ್ಸಾಗುತ್ತೆ. ಒಂದು ಇಂಗ್ಲಿಷ್ ಪದ ನೋಡಿ ಜಿಮ್ ಬಿಟ್ಟು, ಮದುವೆ ಮಾತುಕತೆ ಮುಂದೂಡಬ್ಯಾಡ್ರಿ.

ಹಂಗಂತ ಎಲ್ಲವನ್ನೂ ಹಗುರ ಮಾಡಬ್ಯಾಡ್ರಿ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಶಕ್ತಿ ಕಡಿಮೆ ಆಗ್ತಾ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗ್ರಿ. ನೋವಿನ ಜೊತೆ ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಡಾಕ್ಟರಿಗೆ ತೋರಿಸ್ರಿ. ಪ್ರಾರ್ಥನೆ ಆಟೋದಲ್ಲಿ ಕೂತೂ ಮಾಡಬಹುದು. ಹಿಜ್ಕೀಯನಿಗೆ 15 ವರ್ಷ ಆಯುಷ್ಯ ಕೊಟ್ಟ ದೇವರೇ, ಅದೇ ಅಧ್ಯಾಯದಲ್ಲಿ ಯೆಶಾಯನ ಬಾಯಿಂದ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ. ಔಷಧಿ ತಗೊಳ್ಳೋದು ಅವಿಶ್ವಾಸ ಅಂತ ನಿಮಗೆ ಯಾರು ಹೇಳಿದ್ರು?

ಈಗ ನಮ್ಮ ಜಿಲ್ಲೆಗೆ ಬರೋಣ. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಕಥೆ ನಿಮಗೆ ಗೊತ್ತು. ಬೇರೆ ಯಾವುದಕ್ಕೋ ತೆಗೆಸಿದ ಎಕ್ಸ್‌ರೇಯಲ್ಲಿ ಬೆನ್ನೆಲುಬು ಅತಿಯಾಗಿ ಬೆಳ್ಳಗೆ, ದಟ್ಟವಾಗಿ ಕಂಡರೆ, ಲಿಗಮೆಂಟ್‌ಗಳು ಎಲುಬಿನಂತೆ ಗಟ್ಟಿಯಾಗಿದ್ದರೆ, ಅದು ಫ್ಲೋರೋಸಿಸ್ ಇರಬಹುದು. ಅಂಥ ರಿಪೋರ್ಟ್ ಒಬ್ಬರ ಬಗ್ಗೆ ಮಾತ್ರ ಮಾತಾಡಲ್ಲ, ಇಡೀ ಓಣಿಯ ಬಗ್ಗೆ ಮಾತಾಡುತ್ತೆ. ಅವ್ವನ ಬೆನ್ನು ಬಾಗಿದ್ದು ಬರೇ ವಯಸ್ಸಿಗೆ ಅಂದ್ಕೊಂಡಿರ್ತೀವಿ. ಅದೇ ನೀರನ್ನ ಅಣ್ಣನ ಮಗ ಇನ್ನೂ ಕುಡೀತಿರ್ತಾನೆ. ಫ್ಲೋರೈಡ್‌ಗೆ ಬಣ್ಣ, ವಾಸನೆ ಇಲ್ಲ. ಕುದಿಸಿದರೂ ಹೋಗಲ್ಲ. ನಮ್ಮ ದೇಶದ ಮಾನದಂಡದಲ್ಲಿ ಲೀಟರ್‌ಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ ಗರಿಷ್ಠ 1.5. ಗಟ್ಟಿಯಾದ ಬೆನ್ನು ಮತ್ತೆ ಮೊದಲಿನಂತಾಗೋದು ಕಷ್ಟ, ಆದರೆ ಮಗುವಿನ ಬೆನ್ನು ಕಾಯಬಹುದು. ಕೊಪ್ಪಳ, ಗಂಗಾವತಿ, ಬೆಂಗಳೂರು ಸೇರಿರೋ ಯೌವನಸ್ಥರೇ, ಮುಂದಿನ ಸಲ ಊರಿಗೆ ಹೋದಾಗ ಒಂದು ಬಾಟಲಿ ನೀರು ಪರೀಕ್ಷೆ ಮಾಡಿಸ್ರಿ. ಪಂಚಾಯ್ತಿಯಲ್ಲಿ ಕೇಳ್ರಿ.

ಹಿಜ್ಕೀಯ ಕೂಡ ಪ್ರಾರ್ಥಿಸಿ ಸುಮ್ನೆ ಕೂತವನಲ್ಲ. ಕಾಲುವೆ ಮಾಡಿಸಿ ಪಟ್ಟಣಕ್ಕೆ ನೀರು ತಂದ ಅಂತ 20ನೇ ಅಧ್ಯಾಯ 20ನೇ ವಚನ ಹೇಳುತ್ತೆ. ಅವನದೆಂದು ಹೇಳುವ, ಬಂಡೆ ಕೊರೆದ ಸುಮಾರು 533 ಮೀಟರ್ ಸುರಂಗದಲ್ಲಿ ಯೆರೂಸಲೇಮಿನಲ್ಲಿ ಇವತ್ತಿಗೂ ನೀರು ಹರಿಯುತ್ತೆ. ಸ್ತೋತ್ರ!

ಈ ವಾರ ನಿಮ್ಮ ರಿಪೋರ್ಟನ್ನು ಮಂಚದ ಮೇಲೆ ಬಿಚ್ಚಿಟ್ಟು ಮೊಣಕಾಲೂರಿ. ಆಮೇಲೆ ಅದನ್ನೇ ಮಡಚಿಕೊಂಡು ಡಾಕ್ಟರ್ ಹತ್ರ ಹೋಗ್ರಿ. ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ತಾಯಿಯ ಗರ್ಭದಲ್ಲೇ ನಮ್ಮ ಎಲುಬುಗಳನ್ನು ಬಲ್ಲವನು ನೀನು. ನಿನಗೆ ಯಾವ ಸ್ಕ್ಯಾನೂ ಹೊಸ ಸುದ್ದಿಯಲ್ಲ. ಭಯ ತೆಗೆದುಹಾಕು, ವಿವೇಕ ಕೊಡು, ನೋವಲ್ಲಿರುವವರನ್ನು ಮುಟ್ಟು. ನಮ್ಮ ಹಳ್ಳಿಗಳಿಗೆ ಒಳ್ಳೆ ನೀರು ಕೊಡು. ಯೇಸುವಿನ ನಾಮದಲ್ಲಿ, ಆಮೆನ್.