ದಾರಿ ಬಿಡಬೇಕಾದವರು ಯಾರು?



ನಡೆದು ಹೋಗುತ್ತಿರುವಾಗ ಹಿಂದಿನಿಂದ ಸೈಕಲ್ ಗಂಟೆ ಕೇಳಿಸಿದರೆ ನಿಮ್ಮ ಮನಸ್ಸಿನಲ್ಲಿ ಮೊದಲು ಏಳುವ ಮಾತು ಯಾವುದು? ‘ಯಾರೋ ಬರುತ್ತಿದ್ದಾರೆ, ಜಾಗ ಕೊಡೋಣ’ ಎಂದೇ? ಅಥವಾ ‘ಇವನಿಗೇನು ಇಷ್ಟೊಂದು ಅವಸರ’ ಎಂದೇ? ಇನ್ನು ಸೈಕಲ್ ಮೇಲೆ ನೀವೇ ಇದ್ದು, ಮುಂದೆ ವಯಸ್ಸಾದವರೊಬ್ಬರು ದಾರಿಯ ನಡುವೆ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದರೆ? ಪ್ರಶ್ನೆ ಚಿಕ್ಕದು. ಆದರೆ ನಮ್ಮ ಮನೆಗೂ ನಮ್ಮ ವಿಶ್ವಾಸಕ್ಕೂ ಸೇರಿದ ದೊಡ್ಡ ಪ್ರಶ್ನೆಯೊಂದು ಅದರೊಳಗೆ ಅಡಗಿದೆ. ವೇಗವಾಗಿ ಹೋಗಬಲ್ಲವರೂ ನಿಧಾನವಾಗಿ ನಡೆಯುವವರೂ ಒಂದೇ ದಾರಿಯಲ್ಲಿ ಕೂಡಿದಾಗ, ಯಾರು ಯಾರಿಗೆ ದಾರಿ ಬಿಡಬೇಕು?

ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿದ್ದು ದೂರದ ಐರ್ಲೆಂಡಿನಲ್ಲಿ. ನಮ್ಮ ಎಷ್ಟೋ ಕುಟುಂಬಗಳ ಹೆಣ್ಣುಮಕ್ಕಳಂತೆ ನನ್ನ ಮಗಳೂ ಅಲ್ಲಿ ದಾದಿಯಾಗಿದ್ದಾಳೆ. ಡಬ್ಲಿನ್ ನಗರದ ಪಶ್ಚಿಮದ ಹೊರವಲಯದಲ್ಲಿರುವ ಅವಳ ಮನೆಯಲ್ಲಿ ಕೆಲವು ತಿಂಗಳು ಇದ್ದೆ. ಮನೆಯಿಂದ ಹತ್ತು ನಿಮಿಷ ನಡೆದರೆ ರಾಯಲ್ ಕೆನಾಲ್ ಎಂಬ ಹಳೆಯ ಕಾಲುವೆ. 1790ರಲ್ಲಿ ಅಗೆಯಲು ಆರಂಭಿಸಿದ ಈ ಕಾಲುವೆ, 1817ರಲ್ಲಿ ಷಾನನ್ ನದಿಯನ್ನು ಮುಟ್ಟಿತು. ಆಗ ದೋಣಿಗಳನ್ನು ಎಳೆಯುತ್ತಿದ್ದುದು ಕುದುರೆಗಳು. ಹಗ್ಗ ಕಟ್ಟಿಕೊಂಡ ಕುದುರೆ ನಡೆಯಲೆಂದು ನೀರಿನ ಪಕ್ಕದಲ್ಲೇ ಒಂದು ದಾರಿ ಮಾಡಿದ್ದರು. ರೈಲು ಬಂದ ಮೇಲೆ ದೋಣಿಗಳಿಗೆ ಕೆಲಸ ಕಡಿಮೆಯಾಯಿತು; 1961ರಲ್ಲಿ ಕಾಲುವೆಯನ್ನೇ ಮುಚ್ಚಿದರು. ಆಮೇಲೆ ಅದನ್ನು ಪ್ರೀತಿಸುವವರ ಹಲವು ವರ್ಷಗಳ ಶ್ರಮದಿಂದ 2010ರಲ್ಲಿ ಮತ್ತೆ ಷಾನನ್‌ವರೆಗೆ ದೋಣಿಗಳು ಸಾಗುವಂತಾಯಿತು. ಕುದುರೆ ನಡೆದ ದಾರಿ ಈಗ ನಡೆಯುವವರಿಗೂ ಸೈಕಲ್ ಸವಾರರಿಗೂ ಮೀಸಲಾಗಿದೆ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಇಂಥ ದಾರಿಯನ್ನು ಅಲ್ಲಿ ‘ಗ್ರೀನ್‌ವೇ’ ಎನ್ನುತ್ತಾರೆ. ಮೇನೂತ್ ಊರಿನಿಂದ ಲಾಂಗ್‌ಫರ್ಡ್ ಕಡೆಗೆ ಹೋಗುವ ಸುಮಾರು 130 ಕಿಲೋಮೀಟರಿನ ಭಾಗ 2021ರಲ್ಲಿ ಪೂರ್ತಿಯಾಗಿ ತೆರೆಯಿತು. 1795ರಲ್ಲಿ ಸ್ಥಾಪನೆಯಾದ ಸಂತ ಪ್ಯಾಟ್ರಿಕ್ಕರ ಗುರುವಿದ್ಯಾಮಂದಿರ ಇರುವುದು ಇದೇ ಮೇನೂತಿನಲ್ಲಿ. ಅಲ್ಲಿಂದ ಡಬ್ಲಿನ್ ಕಡೆಗೆ ಬಂದರೆ ಅದೇ ಕಾಲುವೆಯ ಏರಿ ಕ್ಲಾನ್ಸಿಲ್ಲಾ, ಕ್ಯಾಸಲ್‌ನಾಕ್ ಮೊದಲಾದ ಬಡಾವಣೆಗಳನ್ನು ಹಾದು ಹೋಗುತ್ತದೆ.

ನಮ್ಮ ಮಂಡ್ಯದ ಕಡೆಯ ನಾಲೆ ಏರಿಯನ್ನು ನೆನೆಸಿಕೊಳ್ಳಿ. ನೀರು ಸಮನಾಗಿ ನಿಲ್ಲಬೇಕಾದ್ದರಿಂದ ಅದರ ಪಕ್ಕದ ದಾರಿಯೂ ಸಮತಟ್ಟು. ಏರಿಳಿತ ಕಡಿಮೆ. ಆದ್ದರಿಂದಲೇ ಎಲ್ಲರಿಗೂ ಅದು ಬೇಕು. ಬೆಳಿಗ್ಗೆ ರೈಲು ನಿಲ್ದಾಣಕ್ಕೆ ಸೈಕಲ್ಲಿನಲ್ಲಿ ಓಡುವವರು, ಕೂಸಿನ ಗಾಡಿ ತಳ್ಳುವ ತಾಯಂದಿರು, ನಾಯಿ ಹಿಡಿದವರು, ಕೋಲೂರುವ ಹಿರಿಯರು, ಈಗಷ್ಟೇ ಸೈಕಲ್ ಕಲಿಯುತ್ತಿರುವ ಮಕ್ಕಳು, ಎಲ್ಲರಿಗೂ ಇರುವುದು ಅದೊಂದೇ ದಾರಿ. ಕ್ಯಾಸಲ್‌ನಾಕ್ ಮತ್ತು ಕ್ಲಾನ್ಸಿಲ್ಲಾ ನಡುವೆ ಬಂಡೆಯನ್ನು ಆಳವಾಗಿ ಕಡಿದು ಕಾಲುವೆ ತೆಗೆದಿದ್ದಾರೆ. ಅಲ್ಲಿ ದಾರಿ ಮೇಲೆ, ನೀರು ಬಹಳ ಕೆಳಗೆ. ಇಬ್ಬರು ಎದುರಾದರೆ ಒಬ್ಬರು ಮೈ ಓರೆ ಮಾಡಿ ನಿಲ್ಲಬೇಕಾದಷ್ಟು ಇಕ್ಕಟ್ಟು.

ಒಂದು ದಿನ ಮೊಮ್ಮಗಳ ಕೈ ಹಿಡಿದು ಆ ಕಡೆ ಹೋಗುತ್ತಿದ್ದೆ. ಹಿಂದಿನಿಂದ ಗಂಟೆ ಕೇಳಿಸಿತು. ಗಾಬರಿಯಲ್ಲಿ ನಾನು ಎಡಕ್ಕೆ ಸರಿದೆ, ಮಗು ಬಲಕ್ಕೆ ಸರಿಯಿತು. ಸೈಕಲ್ ನಮ್ಮಿಬ್ಬರ ನಡುವೆಯೇ ಸುಯ್ಯೆಂದು ಹೋಯಿತು. ಯಾರಿಗೂ ತಾಗಲಿಲ್ಲ, ನಿಜ. ಆದರೆ ಮಗುವಿನ ಕೈ ನನ್ನ ಕೈಯಲ್ಲಿ ಬಹಳ ಹೊತ್ತು ನಡುಗುತ್ತಿತ್ತು. ಅದಾದ ಒಂದು ವಾರಕ್ಕೆ ಅದೇ ಜಾಗದಲ್ಲಿ ಇನ್ನೊಬ್ಬ ಯುವಕ ಬಂದ. ದೂರದಲ್ಲೇ ಒಮ್ಮೆ ಮೆಲ್ಲಗೆ ಗಂಟೆ ಬಾರಿಸಿದ. ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು ನಮ್ಮ ಹಿಂದೆಯೇ ನಡೆದು ಬಂದ. ದಾರಿ ಅಗಲವಾದ ಮೇಲೆ ನಮಸ್ಕಾರ ಹೇಳಿ ಮುಂದೆ ಹೋದ. ಇಬ್ಬರೂ ಬಾರಿಸಿದ್ದು ಒಂದೇ ತರಹದ ಗಂಟೆ. ಒಂದು ‘ನನ್ನ ದಾರಿ ಬಿಡು’ ಎಂದಿತು. ಇನ್ನೊಂದು ‘ನಾನಿದ್ದೇನೆ, ಹೆದರಬೇಡಿ’ ಎಂದಿತು.

ಇಂಥ ದಾರಿಗಳ ನಿಯಮವೇನೋ ಸರಳವಾಗಿದೆ. ಎಲ್ಲರೂ ಎಡಕ್ಕೆ ಇರಬೇಕು. ಸೈಕಲ್ ಸವಾರರು ನಡೆಯುವವರಿಗೆ ದಾರಿ ಬಿಡಬೇಕು. ಇದು ಬರೀ ಸೌಜನ್ಯವಲ್ಲ, ನ್ಯಾಯ. ಗಂಟೆಗೆ 5 ಕಿಲೋಮೀಟರು ನಡೆಯುವವರು ಇನ್ನೊಬ್ಬರಿಗೆ ತಾಗಿದರೆ ‘ಕ್ಷಮಿಸಿ’ ಎಂದರೆ ಮುಗಿಯಿತು. 20 ಕಿಲೋಮೀಟರು ವೇಗದ ಸೈಕಲ್ ತಾಗಿದರೆ ಮುದುಕರ ಸೊಂಟದ ಮೂಳೆ ಮುರಿಯಬಹುದು. ವೇಗ 4 ಪಟ್ಟಾದರೆ ಚಲನೆಯ ಶಕ್ತಿ 16 ಪಟ್ಟಾಗುತ್ತದೆಂದು ಶಾಲೆಯ ವಿಜ್ಞಾನ ಪಾಠವೇ ಹೇಳುತ್ತದೆ. ಯಾರ ಕೈಯಲ್ಲಿ ನೋವು ಮಾಡುವ ಶಕ್ತಿ ಹೆಚ್ಚಿದೆಯೋ ಅವರ ಹೊಣೆಯೂ ಹೆಚ್ಚು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ, ಕುಡಿತದಿಂದ ಇಲ್ಲವೆ ವೇಗದ ಮೋಹದಿಂದ ತಮ್ಮ ಮತ್ತು ಪರರ ಪ್ರಾಣವನ್ನು ಅಪಾಯಕ್ಕೆ ಒಡ್ಡುವವರ ತಪ್ಪು ಗಂಭೀರವಾದದ್ದೆಂದು ಬೋಧಿಸುತ್ತದೆ. ಕುಡಿತವನ್ನೂ ವೇಗದ ಮೋಹವನ್ನೂ ಒಂದೇ ಸಾಲಿನಲ್ಲಿ ಇಟ್ಟಿರುವುದನ್ನು ಗಮನಿಸಿ. 2007ರಲ್ಲಿ ವ್ಯಾಟಿಕನ್ನಿನ ಕಚೇರಿಯೊಂದು ರಸ್ತೆಯನ್ನು ಬಳಸುವವರಿಗಾಗಿಯೇ ಹತ್ತು ಕಟ್ಟಳೆಗಳನ್ನು ಪ್ರಕಟಿಸಿತು. ರಸ್ತೆ ಜನರನ್ನು ಬೆಸೆಯುವ ಸಾಧನವಾಗಬೇಕು, ದಾರಿಯಲ್ಲಿ ದುರ್ಬಲರಾದವರನ್ನು ಕಾಪಾಡಬೇಕು ಎಂಬುದು ಅವುಗಳಲ್ಲಿ ಸೇರಿದೆ.

ಹಾಗೆಂದು ನಡೆಯುವವರಿಗೆ ಕರ್ತವ್ಯವೇ ಇಲ್ಲವೆಂದಲ್ಲ. ನಾಲ್ವರು ಸಾಲಾಗಿ ದಾರಿ ತುಂಬ ಹರಡಿಕೊಂಡು ಮಾತನಾಡುತ್ತ ಹೋಗುವುದು, ಕಿವಿಗೆ ಹಾಡು ಸಿಕ್ಕಿಸಿಕೊಂಡು ಲೋಕವನ್ನೇ ಮರೆಯುವುದು, ನಾಯಿಯ ಹಗ್ಗವನ್ನು ದಾರಿಗೆ ಅಡ್ಡಲಾಗಿ ಬಿಡುವುದು, ಇವೂ ಸ್ವಾರ್ಥವೇ. ನಿಧಾನವೆಂಬುದು ತಾನಾಗಿಯೇ ಪುಣ್ಯವಲ್ಲ. ಅವಸರವೂ ತಾನಾಗಿಯೇ ಪಾಪವಲ್ಲ. ನನ್ನ ಮಗಳು ರಾತ್ರಿ ಪಾಳಿಗೆ ಸೈಕಲ್ ತುಳಿದುಕೊಂಡು ಹೋಗುತ್ತಾಳೆ. ಅವಳು ತಡ ಮಾಡಿದರೆ ಹಗಲೆಲ್ಲ ದುಡಿದ ಇನ್ನೊಬ್ಬ ದಾದಿ ಮನೆಗೆ ಹೋಗುವಂತಿಲ್ಲ. ಮಾತೆ ಮರಿಯಮ್ಮನವರು ಗರ್ಭಿಣಿ ಎಲಿಜಬೇತಮ್ಮನವರನ್ನು ಕಾಣಲು ಮಲೆನಾಡಿಗೆ ಅವಸರವಾಗಿಯೇ ಹೋದರೆಂದು ಸಂತ ಲೂಕರು ಬರೆದಿದ್ದಾರೆ. ಆದರೆ ಅದು ಒಬ್ಬರ ಬಳಿಗೆ ಹೋಗುವ ಅವಸರ, ಯಾರನ್ನೋ ತಳ್ಳಿ ದಾಟುವ ಅವಸರವಲ್ಲ. ಹೋದ ಮೇಲೆ ಸುಮಾರು ಮೂರು ತಿಂಗಳು ಅಲ್ಲೇ ಉಳಿದರು.

ಇಷ್ಟು ಹೇಳಿ ಮುಗಿಸಿದರೆ ಇದು ಸಂಚಾರ ನಿಯಮದ ಪಾಠವಾಗುತ್ತದೆ. ಆ ಕಾಲುವೆಯ ದಂಡೆಯ ಮೇಲೆ ಮಗುವಿನ ಕೈ ನಡುಗಿದ ದಿನ ನನಗೆ ನೆನಪಾದದ್ದು ಬೇರೊಂದು ಗಂಟೆ, ನಮ್ಮ ಧರ್ಮಕೇಂದ್ರದ ದೇವಾಲಯದ ಗಂಟೆ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಮನೆಗೂ ದೇವಾಲಯಕ್ಕೂ ಒಂದೂವರೆ ಕಿಲೋಮೀಟರು ದೂರ. ಅತ್ತೆಯವರಿಗೆ ಮಂಡಿನೋವು. ಭಾನುವಾರ ಮೊದಲ ಗಂಟೆ ಆಗುತ್ತಿದ್ದಂತೆ, “ಅತ್ತೆ, ನಾನು ಮುಂದೆ ಹೋಗಿರ್ತೀನಿ, ನೀವು ನಿಧಾನವಾಗಿ ಬನ್ನಿ” ಎಂದು ಹೊರಟುಬಿಡುತ್ತಿದ್ದೆ. ಬಲಿಪೂಜೆಗೆ ನಾನು ಒಂದು ದಿನವೂ ತಡವಾಗಿ ಹೋದವಳಲ್ಲ. ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಅವರು ಶುಭಸಂದೇಶ ಮುಗಿದ ಮೇಲೆ ಬಂದು ಹಿಂದೆ ನಿಲ್ಲುತ್ತಿದ್ದರು. “ನನಗೂ ಒಂದು ಜಾಗ ಹಿಡಿದಿಟ್ಟಿದ್ದೆಯಲ್ಲಮ್ಮ, ಸಾಕು” ಎನ್ನುತ್ತಿದ್ದರು.

ಅವರು ದೈವಾಧೀನರಾದ ಮೇಲೆ ನೆರೆಮನೆಯ ಹಿರಿಯರೊಬ್ಬರು ಮಾತಿನ ನಡುವೆ ಹೇಳಿದರು: “ನಿಮ್ಮ ಅತ್ತೆ ಪಾಪ, ದೊಡ್ಡ ರಸ್ತೆ ದಾಟೋಕೆ ಹೆದರ್ತಿದ್ದರು. ಯಾರಾದರೂ ಕೈ ಹಿಡಿದು ದಾಟಿಸೋವರೆಗೆ ಜಪಸರ ಹೇಳ್ಕೊಂಡು ನಿಂತಿರ್ತಿದ್ದರು.” ಅತ್ತೆಯವರು ನನಗೆ ಅದನ್ನು ಒಂದು ದಿನವೂ ಹೇಳಿರಲಿಲ್ಲ. ತಡವಾಗುತ್ತಿದ್ದುದು ಮಂಡಿನೋವಿನಿಂದಷ್ಟೇ ಎಂದುಕೊಂಡಿದ್ದೆ. ನಾನು ಭಾನುವಾರದ ಕಟ್ಟಳೆಯನ್ನು ಪಾಲಿಸಿದ್ದೆ. ಆದರೆ ಕಟ್ಟಳೆ ಕೊಟ್ಟ ದೇವರು ದೊಡ್ಡ ರಸ್ತೆಯ ಅಂಚಿನಲ್ಲಿ, ನನಗಾಗಿ ಕಾಯುತ್ತಿದ್ದ ಆ ತಾಯಿಯ ಪಕ್ಕದಲ್ಲಿ ನಿಂತಿರಲಿಲ್ಲವೇ?

ಪವಿತ್ರ ಬೈಬಲ್ ಈ ವಿಷಯದಲ್ಲಿ ನಮಗೆ ಒಳ್ಳೆಯ ಬೆಳಕು ಕೊಡುತ್ತದೆ. ಆದಿಕಾಂಡದ 33ನೇ ಅಧ್ಯಾಯದಲ್ಲಿ ಅಣ್ಣ ಏಸಾವನು ಒಟ್ಟಿಗೆ ಪ್ರಯಾಣ ಮಾಡೋಣವೆಂದಾಗ ಯಕೋಬನು ವಿನಯದಿಂದ ಬೇಡವೆನ್ನುತ್ತಾನೆ. ತನ್ನ ಮಕ್ಕಳು ಎಳೆಯರು, ಹಿಂಡಿನಲ್ಲಿ ಹಾಲೂಡುವ ಕುರಿಗಳಿವೆ, ಒಂದು ದಿನ ಜೋರಾಗಿ ಓಡಿಸಿದರೂ ಅವು ಉಳಿಯಲಾರವು; ಆದ್ದರಿಂದ ಮಕ್ಕಳ ಮತ್ತು ಮಂದೆಯ ನಡಿಗೆಗೆ ತಕ್ಕಂತೆ ತಾನು ಹಿಂದಿನಿಂದ ಬರುವೆನೆಂದು ಹೇಳುತ್ತಾನೆ. ಎಂಥ ಒಳ್ಳೆಯ ತಂದೆಯ ಮಾತು! ಇನ್ನು ಎಮ್ಮಾವುವಿನ ದಾರಿಯಲ್ಲಿ ಪುನರುತ್ಥಾನರಾದ ಪ್ರಭು ಯೇಸು ಏನು ಮಾಡಿದರು? ಸೋತು, ಜೆರುಸಲೇಮನ್ನು ಬಿಟ್ಟು ಹೋಗುತ್ತಿದ್ದ ಇಬ್ಬರು ಶಿಷ್ಯರ ಜೊತೆ ಸೇರಿಕೊಂಡರು. ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಮೊದಲು ಅವರ ದುಃಖ ಕೇಳಿದರು, ಆಮೇಲೆ ಮಾತನಾಡಿದರು. ಮರಣವನ್ನೇ ಗೆದ್ದವರಿಗೆ ಆ ದಿನ ಮಾಡಲು ಬೇರೆ ಕೆಲಸ ಇರಲಿಲ್ಲವೇ?

ಹಾಗಾದರೆ ಇನ್ನೊಬ್ಬರ ಜೊತೆಗೆ ನಿಧಾನವಾಗಿ ನಡೆದರೆ ಸಾಕೇ? ಇಲ್ಲಿ ಆ ಕಾಲುವೆಯೇ ನನಗೆ ಇನ್ನೊಂದು ಪಾಠ ಕಲಿಸಿತು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾ ಕ್ಷಾಮ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು. 1847ರ ಮೇ ತಿಂಗಳಲ್ಲಿ ಸ್ಟ್ರೋಕ್ಸ್‌ಟೌನ್ ಎಂಬಲ್ಲಿನ ಜಮೀನ್ದಾರ ತನ್ನ 1,490 ಒಕ್ಕಲು ಜನರನ್ನು, ಹಸಿದ ಹೆಂಗಸರು ಮಕ್ಕಳ ಸಮೇತ, ಕೆನಡಾಕ್ಕೆ ಸಾಗಹಾಕಲು ಡಬ್ಲಿನ್‌ಗೆ ನಡೆಸಿದ. ಅವರು ನಡೆದದ್ದು ಇದೇ ಕಾಲುವೆಯ ದಂಡೆಯ ಮೇಲೆ. ಕಡಲ ಪಯಣದಲ್ಲಿ ಮತ್ತು ಅದರ ಕೊನೆಯಲ್ಲಿ ಅವರಲ್ಲಿ ಬಹಳ ಮಂದಿ ಜ್ವರದಿಂದ ಸತ್ತರು. ಇವತ್ತು ಆ 165 ಕಿಲೋಮೀಟರಿನ ದಾರಿಯುದ್ದಕ್ಕೂ 30ಕ್ಕೂ ಹೆಚ್ಚು ಕಡೆ ಮಕ್ಕಳ ಪುಟ್ಟ ಬೂಟುಗಳನ್ನು ಕಂಚಿನಲ್ಲಿ ಎರಕ ಹೊಯ್ದು ಇಟ್ಟಿದ್ದಾರೆ. ನನ್ನ ಮೊಮ್ಮಗಳು ಒಂದು ಜೊತೆಯ ಪಕ್ಕದಲ್ಲಿ ತನ್ನ ಪಾದ ಇಟ್ಟು ನೋಡಿ, “ಅಜ್ಜಿ, ನನ್ನ ಅಳತೆಯೇ” ಎಂದಳು.

ಆ ಬಡವರ ಜೊತೆಗೆ ಜಮೀನ್ದಾರನ ನೌಕರನೊಬ್ಬನೂ ನಡೆದು ಬಂದಿದ್ದ. ಅವರು ನಡೆದಷ್ಟೇ ದೂರ ಅವನೂ ನಡೆದ. ಆದರೆ ಅವನು ಬಂದದ್ದು ಅವರ ಸಂಗಾತಿಯಾಗಿ ಅಲ್ಲ. ಅವರು ಹಿಂದಿರುಗದೆ ಹಡಗು ಹತ್ತುವುದನ್ನು ಖಾತ್ರಿ ಮಾಡಿಕೊಳ್ಳಲು. ಯೋಚಿಸಿ ನೋಡಿ, ಎಮ್ಮಾವುವಿನ ದಾರಿಯಲ್ಲೂ ಒಬ್ಬರು ಜೊತೆಗೆ ನಡೆದರು, ಇಲ್ಲೂ ಒಬ್ಬ ಜೊತೆಗೆ ನಡೆದ. ಕಾಲಿನ ವೇಗ ಒಂದೇ ಇರಬಹುದು. ವ್ಯತ್ಯಾಸ ಇರುವುದು ಯಾರ ಸಲುವಾಗಿ ನಡೆಯುತ್ತಿದ್ದೇವೆ ಎಂಬುದರಲ್ಲಿ.

ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಅಪ್ಪನ ಪಕ್ಕ ಕುಳಿತು ನಿಮಿಷಕ್ಕೊಮ್ಮೆ ಗಡಿಯಾರ ನೋಡುವುದಿದೆ. ಪಾಠದಲ್ಲಿ ಹಿಂದುಳಿದ ಮಗುವಿನ ಜೊತೆ ಕುಳಿತು, ‘ನಿನ್ನಿಂದ ನನ್ನ ಹೊತ್ತೆಲ್ಲ ಹಾಳು’ ಎನ್ನುವುದಿದೆ. ಜೊತೆಯಲ್ಲಿ ಇದ್ದೇವೆ, ಆದರೆ ಆ ನೌಕರನ ಹಾಗೆ. ಕೆಲಸ ಬೇಗ ಮುಗಿದರೆ ಸಾಕೆಂದು ಕಾಯುತ್ತ ಇದ್ದೇವೆ. ಗಂಡ ಹೆಂಡಿರಲ್ಲಿ ಒಬ್ಬರು ಯಾವುದನ್ನೋ ಬೇಗ ಅರಿಯುತ್ತಾರೆ, ಬೇಗ ಕ್ಷಮಿಸುತ್ತಾರೆ. ಇನ್ನೊಬ್ಬರಿಗೆ ಹೊತ್ತು ಬೇಕು. ಆಗ ಬೇಗ ಹೋಗಬಲ್ಲವರು ಸ್ವಲ್ಪ ಕೆಳಗಿಳಿದು, ಸೈಕಲ್ ತಳ್ಳಿಕೊಂಡು ನಡೆದ ಆ ಯುವಕನ ಹಾಗೆ, ದಾರಿ ಅಗಲವಾಗುವವರೆಗೆ ಜೊತೆಗೆ ಬರಬೇಕು. ಇದರಿಂದ ನಷ್ಟವಾಗುವುದು ಕೆಲವು ನಿಮಿಷ. ಉಳಿಯುವುದು ಒಂದು ಜೀವದ ನೆಮ್ಮದಿ.

ದಾರಿ ಬಿಡಬೇಕಾದವರು ಯಾರು ಎಂದು ಕೇಳಿದ್ದೆನಲ್ಲ? ಬಿಡಲು ಶಕ್ತಿ ಇರುವವರು. ಇವತ್ತು ನಾನು ನಿಧಾನ, ನೀವು ವೇಗ. ನಾಳೆ ನೀವೂ ನಿಧಾನವಾಗುವಿರಿ. ಆಗ ಹಿಂದಿನಿಂದ ಬರುವವರ ಗಂಟೆ ಹೇಗಿರಬೇಕೆಂದು ಬಯಸುವಿರೋ, ಇಂದು ನಿಮ್ಮ ಗಂಟೆ ಹಾಗಿರಲಿ.

ಬರುವ ಭಾನುವಾರ ಬಲಿಪೂಜೆಗೆ ಹೊರಡುವ ಮುನ್ನ ಒಂದು ಕ್ಷಣ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿ. ಚಪ್ಪಲಿ ಹಾಕಿಕೊಳ್ಳಲು ತಡವಾಗುತ್ತಿರುವವರು ಯಾರಾದರೂ ಇದ್ದಾರೆಯೇ? ಅವರ ಕೈ ಹಿಡಿಯಿರಿ. ತಡವಾದರೂ ಚಿಂತೆಯಿಲ್ಲ, ಮುಂದಿನ ವಾರ ಇಬ್ಬರೂ ಕಾಲು ಗಂಟೆ ಮೊದಲೇ ಹೊರಡಿ. ದೊಡ್ಡ ರಸ್ತೆಯನ್ನು ಒಟ್ಟಿಗೆ ದಾಟಿ.