ಸರ್ವವ್ಯಾಪಿಯಾದ ಶಿವನೂ ಕೊಳಗದ ದೇವರೂ

ಪರಶಿವನು ಸರ್ವವ್ಯಾಪಿಯೆಂಬುದು ಆಸ್ತಿಕರೆಲ್ಲರ ಬಾಯಲ್ಲಿ ಸುಲಭವಾಗಿ ಬರುವ ಮಾತು. ನಮ್ಮ ದಬ್ಬೇಘಟ್ಟದ ಸೀಮೆಯಲ್ಲಿ ಇದನ್ನು ಅಲ್ಲಗಳೆಯುವವರು ವಿರಳ. ಆದರೆ ಎಲ್ಲರೂ ಒಪ್ಪಿದ ಮಾತೇ ಎಷ್ಟೋ ಸಲ ವಿಚಾರಕ್ಕೆ ಒಳಗಾಗದೆ ಉಳಿದುಬಿಡುವುದು. ವಚನಗಳನ್ನು ಮನಸ್ಸಿಟ್ಟು ಓದುವ ಸದ್ಭಕ್ತನಿಗೆ ಇಲ್ಲೊಂದು ತೊಡಕು ತೋರುತ್ತದೆ. ತನ್ನ ದೇವನ ದೃಷ್ಟಿಗೆ ಮರೆಯಾದ ಎಡೆಯೇ ಲೋಕದಲ್ಲಿಲ್ಲವೆಂದು ಅಕ್ಕಮಹಾದೇವಿಯವರು ಸಾರುವರು. ಬಸವಣ್ಣನವರೋ ಮನೆಯ ಮಡಕೆ, ಮೊರ, ಬೀದಿಯ ಕಲ್ಲು, ಅಳೆಯುವ ಕೊಳಗ ಇವನ್ನೆಲ್ಲ ದೈವವೆಂದು ಭಾವಿಸುವವರನ್ನು ಕಂಡು ನಕ್ಕು, ದೇವನು ಒಬ್ಬನೇ ಎನ್ನುವರು. ಶಿವನು ಎಲ್ಲೆಲ್ಲಿಯೂ ಇರುವುದಾದರೆ ಕೊಳಗದಲ್ಲಿ ಮಾತ್ರ ಏಕಿರಬಾರದು?

ಕೊಳಗದಲ್ಲಿ ಶಿವನಿರುವನು, ಕೊಳಗವು ಶಿವನಲ್ಲ. ಈ ಎರಡು ಮಾತುಗಳ ನಡುವಣ ಅಂತರವನ್ನು ಅರಿಯದಿದ್ದರೆ ಭಕ್ತಿಯು ಹಾದಿ ತಪ್ಪುವುದು. ಮಗ್ಗೆಯ ಮಾಯಿದೇವರು ತಮ್ಮ ಅನುಭವಸೂತ್ರದಲ್ಲಿ ‘ಸ್ಥಲ’ ಶಬ್ದವನ್ನು ವಿವರಿಸುತ್ತ, ಜಗತ್ತು ಯಾವುದರಲ್ಲಿ ನೆಲೆಗೊಂಡು ಯಾವುದರಲ್ಲಿ ಲಯಿಸುವುದೋ ಅದೇ ಸ್ಥಲವೆಂದು ತಿಳಿಸಿರುವರು. ಪೆಟ್ಟಿಗೆಯಲ್ಲಿ ಒಡವೆ ಇರುವಂತೆ ಶಿವನು ವಸ್ತುಗಳಲ್ಲಿ ಅಡಗಿ ಕುಳಿತಿಲ್ಲ. ವಸ್ತುಗಳೆಲ್ಲವೂ ಅವನಲ್ಲಿ ನಿಂತಿವೆ. ಆದುದರಿಂದ ವಸ್ತುವಿಗೆ ಕುಂಕುಮವಿಟ್ಟು ಕೈಮುಗಿದ ಮಾತ್ರಕ್ಕೆ ಅವನ ಋಣ ತೀರದು. ಆಯುಧಪೂಜೆಯ ದಿನ ತಕ್ಕಡಿಗೆ ಹೂ ಮುಡಿಸಿ, ಮರುದಿನ ಅದೇ ತಕ್ಕಡಿಯಲ್ಲಿ ತೂಕ ಹೊಡೆಯುವುದು ಹೇಗೆ ಸಾಧ್ಯವಾಗುವುದೆಂದರೆ, ತಕ್ಕಡಿಯನ್ನು ದೇವರನ್ನಾಗಿ ಮಾಡಿ ತೂಗುವ ಕೆಲಸದಿಂದ ದೇವರನ್ನು ಹೊರಗಿಟ್ಟುದರಿಂದ!

ಈ ದೋಷವು ವರ್ತಕರದು ಮಾತ್ರವೆಂದು ನಾವು ತೋಟದವರು ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂರಬೇಕು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಿಟುಕು ಸದ್ದು ಮಾಡಬೇಕು. ಪೂರ್ತಿ ಒಣಗದ ಕೊಬ್ಬರಿಯನ್ನು ಒಣಗಿದುದರೊಡನೆ ಬೆರೆಸಿ ತಿಪಟೂರಿನ ಮಾರುಕಟ್ಟೆಗೆ ಕಳುಹಿದರೆ ತೇವವೂ ತೂಕಕ್ಕೆ ಬರುವುದು. ಚೀಲದ ನಡುವೆ ಏನಿದೆಯೆಂಬುದು ಮೇಲಿನಿಂದ ನೋಡಿದವನಿಗೆ ತಿಳಿಯದು. ಗುರುಗಳು ಕೊಟ್ಟ ಬಾಳೆಯ ಹಣ್ಣನ್ನು ಯಾರೂ ಕಾಣದೆಡೆಯಲ್ಲಿ ತಿನ್ನಲು ಹೋಗಿ, ಅಂಥ ಎಡೆಯೇ ಸಿಗದೆ ಹಣ್ಣಿನೊಡನೆ ಹಿಂದಿರುಗಿದ ಕನಕದಾಸರ ಕಥೆಯನ್ನು ಮಕ್ಕಳಿಗೆ ಹೇಳುವ ನಾವು ಚೀಲ ಹೊಲಿಯುವಾಗ ಅದನ್ನು ನೆನೆಯುವುದಿಲ್ಲ.

ಇನ್ನು ತರುಣರು ಕೇಳುವ ಪ್ರಶ್ನೆ: ಎಲ್ಲೆಡೆ ಇರುವವನಿಗೆ ಅಂಗೈಯ ಲಿಂಗವೇಕೆ? ಮಳೆ ತೋಟಕ್ಕೆಲ್ಲ ಸುರಿಯುವುದು ನಿಜ. ಆದರೂ ನಾವು ಗಿಡದ ಬುಡದಲ್ಲಿ ಪಾತಿ ಕಟ್ಟುತ್ತೇವೆ. ಕಟ್ಟದಿದ್ದರೆ ನೀರು ಹರಿದುಹೋಗುವುದು. ಮಳೆಗೆ ಪಾತಿ ಬೇಡ, ಗಿಡಕ್ಕೆ ಬೇಕು. ಆಕಾಶ ಪಾತಾಳಗಳನ್ನೂ ಮೀರಿದವನು ತನ್ನ ಕರಸ್ಥಲಕ್ಕೆ ಕಿರಿದಾಗಿ ಬಂದನಲ್ಲಾ ಎಂದು ಬಸವಣ್ಣನವರು ಬೆರಗಾದುದು ಇದಕ್ಕಾಗಿಯೇ. ನಮಗೆ ಸಮೀಪದ ಎಡೆಯೂರಿನಲ್ಲಿ ಸಮಾಧಿಸ್ಥರಾದ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟದಲ್ಲಿ ತಪಗೈದುದರಿಂದ ತೋಂಟದ ಸಿದ್ಧಲಿಂಗರೆನಿಸಿದರು. ಷಟ್‌ಸ್ಥಲ ಜ್ಞಾನಸಾರಾಮೃತದ 701 ವಚನಗಳನ್ನು ನುಡಿದ ಮಹಾನುಭಾವರಿಗೂ ಒಂದು ತೋಟ ಬೇಕಾಯಿತು, ಒಂದು ಲಿಂಗ ಬೇಕಾಯಿತು.

ಹಿರಿಯರ ಪ್ರಶ್ನೆ ಇದಕ್ಕಿಂತ ಕಠಿಣವಾದುದು. 1990ರ ದಶಕದ ಕೊನೆಯಿಂದೀಚೆಗೆ ನುಸಿ ಪೀಡೆ ತೋಟಗಳಿಗೆ ತಗುಲಿ, ಎಳೆಗಾಯಿಯ ತೊಟ್ಟಿನಡಿಯಲ್ಲಿ ಸೇರಿ ರಸ ಹೀರಿ ಫಸಲನ್ನು ಕುಂದಿಸಿತು. ಬರಿಗಣ್ಣಿಗೆ ಕಾಣದ ಆ ಜೀವಿಯಲ್ಲಿಯೂ ಶಿವನಿರುವನೇ? ಇರುವನು ಎನ್ನದೆ ಗತಿಯಿಲ್ಲ. ಆದರೆ ಇರುವಿಕೆ ಬೇರೆ, ಒಪ್ಪಿಗೆ ಬೇರೆ. ನುಸಿಗೆ ಔಷಧ ಹೊಡೆಯುವ ಕೈಯಲ್ಲಿಯೂ ಅವನೇ ಇರುವನು. ಸಾಲ ಮಾಡಿ ತೋಟ ಉಳಿಸಿಕೊಂಡವನ ದುಃಖಕ್ಕೆ ಈ ಉತ್ತರ ಸಾಲದೆಂಬುದನ್ನು ಬಲ್ಲೆನು. ಹೆಚ್ಚಿನದನ್ನು ಹೇಳುವ ಅರ್ಹತೆ ನನಗಿಲ್ಲ.

ಆದರೆ ಉತ್ತರ ಸ್ಪಷ್ಟವಾಗಿರುವ ಎಡೆಯಲ್ಲಿಯೂ ನಾವು ಅಳುಕುವೆವು. ಕಾಯಿ ಕೀಳಲು ಬಂದವನು ನಮ್ಮ ಬದುಕಿಗಾಗಿ ಅಷ್ಟೆತ್ತರದ ಮರವನ್ನೇರುವನು. ಇಳಿದು ಬಂದವನಿಗೆ ನೀರು ಕೊಡುವ ಲೋಟ ಯಾವುದು? ಅದು ಒಳಮನೆಯದೋ, ಹಿತ್ತಲ ಗೋಡೆಯ ಮೇಲೆ ಬೇರೆಯಾಗಿ ಕವುಚಿಟ್ಟುದೋ? ಮರದಲ್ಲಿಯೂ ಕಾಯಿಯಲ್ಲಿಯೂ ಶಿವನನ್ನು ಕಾಣುವೆವೆನ್ನುವ ಮನೆಯಲ್ಲಿ, ಇವೆರಡರ ನಡುವೆ ಏರಿಳಿದವನಲ್ಲಿ ಮಾತ್ರ ಶಿವನು ಇಲ್ಲವಾದನೇ?

ನುಲಿಯ ಚಂದಯ್ಯನವರ ಕಥೆ ಶೂನ್ಯಸಂಪಾದನೆಯಲ್ಲಿದೆ. ಹಗ್ಗ ಹೊಸೆಯುವ ಹುಲ್ಲನ್ನು ಕೊಯ್ಯುತ್ತಿದ್ದಾಗ ಅವರ ಲಿಂಗವು ಕಳಚಿ ಬಿತ್ತು. ಅವರು ಕಾಯಕ ಬಿಟ್ಟು ಅದನ್ನು ಹಿಡಿಯಲು ಓಡದೆ ಹುಲ್ಲಿನ ಹೊರೆ ಹೊತ್ತು ನಡೆದರು. ಲಿಂಗವೇ ಅವರನ್ನು ಹಿಂಬಾಲಿಸಿತೆಂದು ಹೇಳುವರು. ಮಡಿವಾಳ ಮಾಚಯ್ಯನವರು ನಡುವೆ ಬಂದು ಒಡಂಬಡಿಸಿದ ಮೇಲೆಯೇ ಅವರು ಲಿಂಗವನ್ನು ಮರಳಿ ಕೈಗೊಂಡರು. ಇಂದಿಗೂ ನಮ್ಮ ಊರುಗಳಲ್ಲಿ ತೆಂಗಿನ ನಾರಿನ ಹಗ್ಗ ಹೊಸೆಯುವವರಿದ್ದಾರೆ. ಅವರಲ್ಲಿ ಎಷ್ಟು ಜನರನ್ನು ನಾವು ಜಗಲಿಯ ಮೇಲೆ ಕುಳ್ಳಿರಿಸಿ ಮಾತನಾಡಿಸಿರುವೆವು?