ಕೋಳಿ ಕೆದಕಿದ ಪಾತಿ



ಶಿವರಾತ್ರಿ ಕಳೆದರೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಮ್ಮ ಹಣೆಯ ಮೇಲೆ ವಿಭೂತಿ ಬೀಳುತ್ತದೆ, ತಪಸ್ಸುಕಾಲ ಆರಂಭವಾಗುತ್ತದೆ. ಮಾವು ಹೂ ಬಿಟ್ಟು ಹೊಂಗೆ ಚಿಗುರುವ ಕಾಲಕ್ಕೆ ಸರಿಯಾಗಿ ನಾವು ಉಪವಾಸ ಹಿಡಿಯುತ್ತೇವೆ. ಹೊರಗೆ ವಸಂತ, ಒಳಗೆ ತಪಸ್ಸು. ಇವೆರಡಕ್ಕೂ ಹೊಂದಿಕೆ ಇಲ್ಲವೆಂದು ನಿಮಗೆ ತೋರಬಹುದು. ಆದರೆ ಮನೆಯ ಹಿತ್ತಲಿನಲ್ಲಿ ನಾಲ್ಕು ಪಾತಿ ಮಾಡಿಕೊಂಡು, ನಾಲ್ಕು ಕೋಳಿ ಸಾಕಿಕೊಂಡಿರುವ ತಾಯಂದಿರಿಗೆ ಈ ಹೊಂದಿಕೆ ಚೆನ್ನಾಗಿ ಗೊತ್ತು.

ಲೆಕ್ಕ ಹಾಕಿ ನೋಡಿ. ವಿಭೂತಿ ಬುಧವಾರದಿಂದ ಪುನರುತ್ಥಾನದ ಭಾನುವಾರಕ್ಕೆ 46 ದಿನ. ನಡುವಿನ ಭಾನುವಾರಗಳನ್ನು ಬಿಟ್ಟರೆ 40. ರಾತ್ರಿ ನೀರಿನಲ್ಲಿ ನೆನೆಹಾಕಿದ ಬೆಂಡೆ ಬೀಜವನ್ನು ವಿಭೂತಿ ಬುಧವಾರದಂದು ಊರಿದರೆ ವಾರದೊಳಗೆ ಮೊಳಕೆ ಕಾಣುತ್ತದೆ. ನೀರು, ಗೊಬ್ಬರ ಸರಿಯಾಗಿ ಸಿಕ್ಕರೆ 45–50 ದಿನಕ್ಕೆ ಮೊದಲ ಕಾಯಿ ಕೈಗೆ ಬರುತ್ತದೆ. ಇನ್ನು ಕೋಳಿಯ ಲೆಕ್ಕ. ಕಾವಿಗೆ ಕೂತ ಕೋಳಿ ಮರಿ ಮಾಡುವುದಕ್ಕೆ 21 ದಿನ ಬೇಕು. ಗುರುಗಳು ಗುಲಾಬಿ ಬಣ್ಣದ ಪೂಜಾವಸ್ತ್ರ ತೊಡುವ ತಪಸ್ಸುಕಾಲದ ನಾಲ್ಕನೆಯ ಭಾನುವಾರದಿಂದ ಹಬ್ಬದ ಭಾನುವಾರಕ್ಕೆ ಸರಿಯಾಗಿ 21 ದಿನ. ಅಂದು ಮೊಟ್ಟೆ ಇಟ್ಟು ಕೂರಿಸಿದ ಕೋಳಿ ಹಬ್ಬದ ದಿನಕ್ಕೆ ಮರಿಗಳೊಡನೆ ಏಳುತ್ತದೆ. ನಮ್ಮ ಹಿತ್ತಲೂ ನಮ್ಮೊಡನೆ ತಪಸ್ಸು ಮಾಡುತ್ತದೆ ಎಂದರೆ ತಪ್ಪಲ್ಲ.

ಆದರೆ ಇಲ್ಲೊಂದು ತೊಡಕಿದೆ. ಪಾತಿಗೂ ಕೋಳಿಗೂ ಆಗಿಬರುವುದಿಲ್ಲ. ನೀರು ಕುಡಿದ ಮೆತ್ತನೆಯ ಮಣ್ಣು ಕಂಡರೆ ಕೋಳಿಗೆ ಹಬ್ಬ. ನೀವು ಬೆಳಿಗ್ಗೆ ಪೂಜೆಗೆ ಹೋಗಿ ಬರುವಷ್ಟರಲ್ಲಿ ದಂಟಿನ ಬೀಜ ಚೆಲ್ಲಿದ ಪಾತಿಯನ್ನೆಲ್ಲ ಕೆದಕಿ, ನಡುವೆ ಧೂಳು ಮೈಗೆರಚಿಕೊಂಡು ಮಲಗಿರುತ್ತದೆ. ಕೋಳಿ ನಮ್ಮದೇ ಆದರೆ ನಾವು ಬೈದು ಸುಮ್ಮನಾಗುತ್ತೇವೆ. ನೆರೆಮನೆಯ ಕೋಳಿಯಾದರೆ ಸುಮ್ಮನಾಗುವುದಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಜಮೀನಿಗಾಗಿ, ಹಣಕ್ಕಾಗಿ ಮುರಿದುಹೋದ ಸಂಬಂಧಗಳಿವೆ. ಕೋಳಿಯಿಂದ ಮುರಿದ ಸಂಬಂಧಗಳೂ ಕಡಿಮೆಯಿಲ್ಲ.

ನಾನು ಹಿಂದೆ ಸೇವೆ ಮಾಡುತ್ತಿದ್ದ ಒಂದು ಊರಿನಲ್ಲಿ ಅಣ್ಣತಮ್ಮಂದಿರ ಎರಡು ಮನೆಗಳು ಒಂದೇ ಹಿತ್ತಲನ್ನು ಭಾಗ ಮಾಡಿಕೊಂಡಿದ್ದವು. ಹಿರಿಯ ಸೊಸೆಯ ಕೋಳಿ ಕಿರಿಯ ಸೊಸೆಯ ಪಾತಿ ಕೆದಕಿತು. ಕಲ್ಲು ಬಿತ್ತು, ಕೋಳಿಯ ಕಾಲು ಮುರಿಯಿತು. ಮಾತಿಗೆ ಮಾತು ಬೆಳೆದು ಸತ್ತುಹೋಗಿದ್ದ ಅತ್ತೆಯ ಒಡವೆಯವರೆಗೂ ಹೋಯಿತು. ಓರಗಿತ್ತಿಯರು ಆರು ವರ್ಷ ಮಾತು ಬಿಟ್ಟರು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಲಿಪೂಜೆಯಲ್ಲಿ ಶಾಂತಿ ಕೋರುವ ಹೊತ್ತಿಗೆ ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ತಿರುಗಿ ಕೈಮುಗಿಯುತ್ತಿದ್ದರು. ನಂತರ ಇಬ್ಬರೂ ಒಂದೇ ಸಾಲಿನಲ್ಲಿ ಬಂದು ಪರಮಪ್ರಸಾದ ಸ್ವೀಕರಿಸುತ್ತಿದ್ದರು.

ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸೋದರನೊಡನೆ ರಾಜಿಯಾಗಿ ಬಾ ಎಂದು ಯೇಸುಸ್ವಾಮಿ ಬೆಟ್ಟದ ಮೇಲಿನ ಬೋಧನೆಯಲ್ಲಿ ಹೇಳಿದ್ದಾರೆ. ಅವರ ಮಾತನ್ನು ಗಮನವಿಟ್ಟು ಓದಿ. ನಿನಗೆ ಸೋದರನ ಮೇಲೆ ಮುನಿಸಿದ್ದರೆ ಎಂದು ಅವರು ಅಲ್ಲಿ ಹೇಳಲಿಲ್ಲ. ಸೋದರನಿಗೆ ನಿನ್ನ ಮೇಲೆ ಮುನಿಸಿರುವುದು ನೆನಪಾದರೆ ಎಂದರು. ಅಂದರೆ ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಕಾಯುವಂತಿಲ್ಲ. ನೆನಪಾದವರೇ ಮೊದಲು ಎದ್ದು ಹೋಗಬೇಕು.

ಹಾಗೆಂದು ನ್ಯಾಯವನ್ನು ಧರ್ಮಗ್ರಂಥ ಮರೆತಿಲ್ಲ. ಒಬ್ಬನ ದನ ಇನ್ನೊಬ್ಬನ ಹೊಲಕ್ಕೆ ನುಗ್ಗಿ ಮೇಯ್ದರೆ, ದನದ ಒಡೆಯ ತನ್ನ ಹೊಲದ ಒಳ್ಳೆಯ ಬೆಳೆಯಿಂದಲೇ ನಷ್ಟ ತುಂಬಿಕೊಡಬೇಕೆಂದು ವಿಮೋಚನಾಕಾಂಡದ 22ನೆಯ ಅಧ್ಯಾಯ ವಿಧಿಸುತ್ತದೆ. ಉಳಿದುದನ್ನು, ಹುಳುಕಾದುದನ್ನು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಕೋಳಿ ಸಾಕುವವರೇ, ಈ ಮಾತು ನಿಮಗೆ. ನೆರೆಯವರ ಬೀಜ ಮೊಳೆತು ಸಸಿ ಬೇರೂರುವವರೆಗೆ ಕೋಳಿಯನ್ನು ಕೂಡಿಹಾಕಿ, ಸಂಜೆ ನಿಮ್ಮ ಕಣ್ಣೆದುರಿಗೆ ಒಂದು ಗಳಿಗೆ ಬಿಡಿ. ಬೆಳೆ ಹಾಳಾಗಿದ್ದರೆ ಅವರು ಬಂದು ಕೇಳುವ ಮೊದಲೇ ನಾಲ್ಕು ಮೊಟ್ಟೆ ಹಿಡಿದುಕೊಂಡು ಹೋಗಿ. ಪಾತಿ ಮಾಡುವವರೇ, ನಿಮ್ಮ ಪಾಲಿನ ಕೆಲಸವೂ ಇದೆ. ಬೀಜ ಹಾಕಿದ ಮೇಲೆ ಮುಳ್ಳಿನ ಕೊಂಬೆ ಹೊದಿಸಿ, ಬೇಲಿಯ ಕಂಡಿ ಮುಚ್ಚಿ. ಕೈಗೆ ಸಿಕ್ಕಿದ ಕಲ್ಲನ್ನು ಕೆಳಗಿಡಿ.

ಪರಸ್ಪರ ಆಗಿಬಾರದ ಈ ಎರಡನ್ನೂ ಒಂದೇ ಹಿತ್ತಲಿನಲ್ಲಿ ಇಟ್ಟು ನೋಡಿದವರಿಗೆ ಇನ್ನೊಂದು ಸತ್ಯವೂ ಗೊತ್ತು. ಸೊಪ್ಪಿನ ಬೇರು, ಬಲಿತ ಎಲೆ, ಹುಳು ಬಿದ್ದ ಕಾಯಿ ಕೋಳಿಗೆ ಆಹಾರ. ಕೋಳಿಯ ಹಿಕ್ಕೆ ಗಿಡಕ್ಕೆ ಒಳ್ಳೆಯ ಗೊಬ್ಬರ. ಆದರೆ ಹಸಿ ಹಿಕ್ಕೆಯನ್ನು ನೇರವಾಗಿ ಬುಡಕ್ಕೆ ಹಾಕಿದರೆ ಅದರ ಬಿಸಿಗೆ ಗಿಡ ಸುಟ್ಟುಹೋಗುತ್ತದೆ. ಒಣಗಿದ ಎಲೆ, ಮಣ್ಣು ಸೇರಿಸಿ ಗುಂಡಿಯಲ್ಲಿ ಕೆಲವು ತಿಂಗಳು ಕಳಿಯಲು ಬಿಡಬೇಕು. ಮನೆಯಲ್ಲಿ ಆಡುವ ಸತ್ಯವಾದ ಮಾತೂ ಹೀಗೆಯೇ. ಸಿಟ್ಟಿನ ಬಿಸಿಯಲ್ಲಿ ಬುಡಕ್ಕೆ ಸುರಿದರೆ ಸುಡುತ್ತದೆ. ಪ್ರಾರ್ಥನೆಯಲ್ಲಿ ಮಾಗಿಸಿ ಹಾಕಿದರೆ ಅದೇ ಮಾತು ಬೆಳೆಸುತ್ತದೆ.

ಆ ಎರಡು ಮನೆಗಳ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯನ್ನು ನೀವು ಬಲ್ಲಿರಿ. ನಾಟಿಗಿಂತ ಬೇಗ ಬೆಳೆಯುತ್ತದೆ, ಹೆಚ್ಚು ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವುದು ಅಪರೂಪ. ಕಿರಿಯವಳು ಅವನ್ನು ತಂದು ಸಾಕಿದಳು. ಮೊಟ್ಟೆಗಳಿದ್ದವು, ಕೂರುವ ಕೋಳಿ ಇರಲಿಲ್ಲ. ಹಿರಿಯವಳ ನಾಟಿ ಕೋಳಿಯೊಂದು ಅದೇ ಹೊತ್ತಿಗೆ ಕಾವಿಗೆ ಬಂದಿತ್ತು. ಒಂದು ದಿನ ಕಿರಿಯವಳ ಮಗಳು ಹನ್ನೊಂದು ಮೊಟ್ಟೆಯ ಬುಟ್ಟಿ ಹಿಡಿದು ದೊಡ್ಡಮ್ಮನ ಬಾಗಿಲಲ್ಲಿ ನಿಂತಳು. "ನಿಮ್ಮಮ್ಮನಿಗೆ ಬಾಯಿ ಇಲ್ವಾ?" ಎಂದು ಗೊಣಗಿದರೂ ಹಿರಿಯವಳು ಬುಟ್ಟಿ ಒಳಗೆ ತೆಗೆದುಕೊಂಡಳು.

ಕೋಳಿ ಇವು ಯಾರ ಮೊಟ್ಟೆ ಎಂದು ಕೇಳಲಿಲ್ಲ. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು, ಗುಟುಕು ನೀರು ಮುಗಿಸಿ ಮತ್ತೆ ಬಂದು ಕೂತಿತು. ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸಿತು. 21 ದಿನಕ್ಕೆ ಒಂಬತ್ತು ಮರಿ ಹೊರಬಂದವು. ಪಾಲಿನ ಪದ್ಧತಿಯಂತೆ ಅರ್ಧರ್ಧ ಹಂಚಬೇಕು. ಹಂಚಲು ಇಬ್ಬರೂ ಬೇಲಿಯ ಬಳಿ ಬರಲೇಬೇಕಾಯಿತು. ಅತ್ತ ನಾಲ್ಕು, ಇತ್ತ ನಾಲ್ಕು. "ಇನ್ನೊಂದು ನಿಮಗೇ ಇರಲಿ ಅಕ್ಕಾ" ಎಂಬುದು ಆರು ವರ್ಷದಲ್ಲಿ ಕಿರಿಯವಳು ಆಡಿದ ಮೊದಲ ಮಾತು. ಹಳೆಯದೆಲ್ಲ ಅಂದೇ ಬಗೆಹರಿಯಿತೆಂದು ನಾನು ಹೇಳುವುದಿಲ್ಲ. ಒಡವೆಯ ಮಾತು ಹಾಗೆಯೇ ಉಳಿಯಿತು. ಆದರೆ ಶಾಂತಿ ಕೋರುವ ಹೊತ್ತಿಗೆ ಇಬ್ಬರೂ ಒಬ್ಬರತ್ತ ಒಬ್ಬರು ತಿರುಗತೊಡಗಿದರು.

ಜೆರುಸಲೇಮಿಗಾಗಿ ಮರುಗಿದಾಗ ಯೇಸುಸ್ವಾಮಿ ತಮ್ಮನ್ನು ಹೋಲಿಸಿಕೊಂಡದ್ದು ಮರಿಗಳನ್ನು ರೆಕ್ಕೆಯ ಕೆಳಗೆ ಸೇರಿಸಿಕೊಳ್ಳುವ ಹೇಂಟೆಗೆ. ಹದ್ದು ಮೇಲೆ ಸುಳಿದಾಗ ಹೇಂಟೆಗೆ ಇರುವ ಆಯುಧ ಒಂದೇ, ತನ್ನ ಮೈ. ಅದನ್ನೇ ಅಡ್ಡ ಹಿಡಿದು ಮರಿಗಳನ್ನು ಕಾಯುತ್ತದೆ. ಶಿಲುಬೆಯ ಮೇಲೆ ಚಾಚಿದ ತೋಳುಗಳನ್ನು ನೋಡುವಾಗ ಈ ರೆಕ್ಕೆಗಳನ್ನು ನೆನೆಯಿರಿ. ಅವುಗಳ ಕೆಳಗೆ ನಿಮಗೆ ಜಾಗವಿದೆ. ಬೇಲಿಯಾಚೆಯವರಿಗೂ ಅಷ್ಟೇ ಜಾಗವಿದೆ.

ಅದೇ ಪಾಡಿನ ಕಥೆಯಲ್ಲಿ ಹುಂಜವೂ ಬರುತ್ತದೆ. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ನಂಬಿ, ಊರವರ ಮೇಲೆ ಮುನಿಸಿಕೊಂಡು ಕಾಡು ಸೇರಿದ ಅಜ್ಜಿಯ ಕಥೆ ನಿಮಗೆ ಗೊತ್ತು. ಅವಳಿಲ್ಲದೆಯೂ ಊರಿಗೆ ಬೆಳಗಾಯಿತು. ನಾನೇ ಸರಿ ಎಂದು ಮಾತು ಬಿಟ್ಟು ಕೂತವರೆಲ್ಲ ಆ ಅಜ್ಜಿಯ ಬಳಗವೇ. ಪೇತ್ರನಾದರೋ ಹುಂಜದ ಕೂಗು ಕೇಳಿದೊಡನೆ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತನು. ಕೂಗಿದ್ದು ಒಂದೇ ಜಾತಿಯ ಹಕ್ಕಿ. ಕೇಳಿದ ಕಿವಿಗಳು ಬೇರೆ.

ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳು ತನ್ನೆದುರು ನಿಂತ ಪ್ರಭುವನ್ನು ತೋಟಗಾರನೆಂದು ಭಾವಿಸಿದಳೆಂದು ಸಂತ ಯೊವಾನ್ನರು ಬರೆಯುತ್ತಾರೆ. ಹೆಸರು ಹಿಡಿದು ಕರೆದಾಗ ಮಾತ್ರ ಆಕೆ ಗುರುತಿಸಿದಳು. ಎಷ್ಟೋ ವರ್ಷಗಳಿಂದ ನೀವು ಹೆಸರು ಹಿಡಿದು ಕರೆಯದ ನೆರೆಯವರು ಯಾರಾದರೂ ಇದ್ದಾರೆಯೇ? ಗರಿಗಳ ಭಾನುವಾರಕ್ಕೆ ಮುಂಚೆ, ಪಾಪನಿವೇದನೆಗೆ ಬರುವ ಮೊದಲು, ಒಂದು ಸಂಜೆ ಪಾತಿಗೆ ನೀರು ಹಾಕಿದ ಮೇಲೆ ಬೇಲಿಯ ಬಳಿ ಹೋಗಿ ನಿಲ್ಲಿ. ಒಂದು ಹಿಡಿ ದಂಟಿನ ಸೊಪ್ಪೋ ಎರಡು ಮೊಟ್ಟೆಯೋ ಕೈಯಲ್ಲಿರಲಿ. ಹೆಸರು ಹಿಡಿದು ಕರೆಯಿರಿ. ಮೊದಲ ಕರೆಗೆ ಅವರು ಓಗೊಡದಿದ್ದರೆ ಬೇಸರಿಸಬೇಡಿ. ಕಾವಿಗೆ ಕೂತ ಕೋಳಿ ಮೂರನೆಯ ದಿನಕ್ಕೇ ಎದ್ದುಹೋಗುವುದಿಲ್ಲ.

ಹೇಂಟೆಯಂತೆ ನಮ್ಮನ್ನು ಕಾಯುವ ಪ್ರಭು ನಿಮ್ಮ ಮನೆಯನ್ನೂ, ಹಿತ್ತಲನ್ನೂ, ಬೇಲಿಯಾಚೆಯ ಮನೆಯನ್ನೂ ಆಶೀರ್ವದಿಸಲಿ.